ಕಾರ್ತೀಕದಲ್ಲಿ ಮುದ್ದಿನ ಮರಿ, ಬೇಸಿಗೆಯಲ್ಲಿ ಬೀದಿಪಾಲು

ದಸರಾ ರಜೆ ಮುಗಿದು ಊರುಗಳಿಂದ ಬಸ್ಸುಗಳು ತುಂಬಿ ಬರುವ ಹೊತ್ತಿಗೆ ಬೆಂಗಳೂರಿನ ಬೀದಿಗಳಲ್ಲಿ ಇನ್ನೊಂದು ಸಂಸಾರವೂ ಆರಂಭವಾಗಿರುತ್ತದೆ. ಕಟ್ಟಡ ಕಾಮಗಾರಿಯ ಮರಳಿನ ರಾಶಿಯ ಮರೆಯಲ್ಲಿ, ಕೆಟ್ಟು ನಿಂತ ಲಾರಿಯ ಕೆಳಗೆ, ಕಾಲೇಜು ಕ್ಯಾಂಟೀನಿನ ಹಿಂಬದಿಯಲ್ಲಿ ಬೀದಿನಾಯಿಗಳ ಮರಿಗಳು ಕಣ್ಣು ಬಿಡುತ್ತವೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗಿನ ಅವಧಿ ಅವು ಹೆಚ್ಚಾಗಿ ಕಾಣಿಸಿಕೊಳ್ಳುವ ಕಾಲ.

ಹಿಂಗಾರು ಮಳೆಯಲ್ಲಿ ನೆನೆದು ನಡುಗುತ್ತಿರುವ ಮರಿಯನ್ನು ಕಂಡು ಕರಗದ ಮನಸ್ಸು ಕಡಿಮೆ. ಹಾಸನದಿಂದಲೋ ರಾಯಚೂರಿನಿಂದಲೋ ಓದಲೆಂದು ಬಂದು, ಮೂವರು ಗೆಳೆಯರೊಡನೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗೆ ಆ ಮರಿ ಕೇವಲ ಪ್ರಾಣಿಯಲ್ಲ. ಅಪರಿಚಿತ ಮಹಾನಗರದಲ್ಲಿ ಬಾಗಿಲು ತೆರೆದೊಡನೆ ಬಾಲ ಅಲ್ಲಾಡಿಸಿ ಬರಮಾಡಿಕೊಳ್ಳುವ ಏಕೈಕ ಜೀವ ಅದು. ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಟವೆಲ್ಲು, ಅರ್ಧ ಲೀಟರ್ ಹಾಲು. ಇಷ್ಟರಲ್ಲೇ ಸಾಕಣೆ ಶುರು. ಬೆಳಗಿನ ತರಗತಿಗೆ ಯಾರು ಹೋಗಬೇಕು, ಮರಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪಾಳಿಯೂ ನಿಗದಿಯಾಗುತ್ತದೆ. ಮೊದಲ ತಿಂಗಳು ಎಲ್ಲವೂ ಚೆನ್ನ.

ಪ್ರಶ್ನೆ ಇರುವುದು ಮೊದಲ ತಿಂಗಳಿನದ್ದಲ್ಲ, ಏಳನೆಯ ತಿಂಗಳಿನದ್ದು. ನಾಯಿಯ ಆಯುಷ್ಯ ಹತ್ತು-ಹದಿನೈದು ವರ್ಷ. ವಿದ್ಯಾರ್ಥಿಯ ಪದವಿ ಮೂರು-ನಾಲ್ಕು ವರ್ಷ. ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳು. ಸೆಮಿಸ್ಟರ್ ಆರು ತಿಂಗಳಿಗಿಂತಲೂ ಕಡಿಮೆ. ಈ ನಾಲ್ಕು ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಲೆಕ್ಕದ ಬಾಕಿಯನ್ನು ಕೊನೆಗೆ ತೀರಿಸುವುದು ನಾಯಿ, ಆಮೇಲೆ ಬೀದಿ.

ಆವರಣದಲ್ಲೂ ಇಲ್ಲ, ಕೋಣೆಯಲ್ಲೂ ಇಲ್ಲ

ಈ ಹಳೆಯ ಸಮಸ್ಯೆಗೆ 2025ರಲ್ಲಿ ಹೊಸ ತಿರುವು ಸಿಕ್ಕಿತು. ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಆಗಸ್ಟ್ 11ರಂದು ಆದೇಶಿಸಿತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿತು. ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ಬಳಿಕ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಸೋಂಕಿನ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ವಿಚಾರಣೆಯ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು.

ಅದೇ ಆದೇಶದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವಿದೆ. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು. ಆದರೆ ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರರದೇ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಮಳೆಯಲ್ಲಿ ನೆನೆದ ಮರಿಯನ್ನು ಎತ್ತಿಕೊಂಡು ಬರುವ ವಿದ್ಯಾರ್ಥಿ ಯಾವ ಅರ್ಜಿಯನ್ನೂ ಬರೆದಿರುವುದಿಲ್ಲ. ಆದರೆ ಆತ ಮನಸ್ಸಿನಲ್ಲಿ ಮಾಡಿಕೊಂಡ ಒಪ್ಪಂದ ಇದೇ ಅಲ್ಲವೇ?

ನವೆಂಬರ್ 7ರ ಆದೇಶ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ ಹಾಗೂ ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕು, ಅಲ್ಲಿಂದ ಹಿಡಿದವನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು ಅದು ಹೇಳಿತು. ಕಚ್ಚಿಸಿಕೊಂಡ ಮಕ್ಕಳ, ರೋಗಿಗಳ, ಪ್ರಯಾಣಿಕರ ದೃಷ್ಟಿಯಿಂದ ಆದೇಶದ ಹಿಂದಿನ ಕಾಳಜಿಯನ್ನು ಅಲ್ಲಗಳೆಯಲಾಗದು. ಆದರೆ ಅನೇಕ ಕಾಲೇಜುಗಳಲ್ಲಿ ಆವರಣದ ನಾಯಿ ಯಾರೊಬ್ಬರದೂ ಅಲ್ಲ, ಎಲ್ಲರದೂ ಆಗಿತ್ತು. ವಿದ್ಯಾರ್ಥಿಗಳು ತಲೆಗಿಷ್ಟೆಂದು ಹಣ ಕೂಡಿಸಿ ಲಸಿಕೆ ಹಾಕಿಸುತ್ತಿದ್ದರು. ಒಂದು ತಂಡ ಓದು ಮುಗಿಸಿ ಹೋದರೆ ಮುಂದಿನ ತಂಡ ಅನ್ನ ಹಾಕುತ್ತಿತ್ತು. ಆ ಸಾಮೂಹಿಕ ಆರೈಕೆಗೆ ಈ ಆದೇಶ ಜಾಗ ಉಳಿಸಲಿಲ್ಲ. ಉಳಿದ ದಾರಿಯೆಂದರೆ ಮರಿಯನ್ನು ಕೋಣೆಗೆ ಒಯ್ಯುವುದು. ಕೋಣೆಯ ಬಾಗಿಲಲ್ಲಿ ನಿಂತಿರುವುದು ಮನೆಯೊಡೆಯ.

ಮಾಲೀಕರ ಮಾತು, ಮಂಡಳಿಯ ಮಾರ್ಗಸೂಚಿ

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಿವಾಸಿಗಳ ಸಂಘ ಬಹುಮತದ ಗೊತ್ತುವಳಿಯ ಬಲದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಸ್ವಂತ ಫ್ಲಾಟ್ ಇರುವವರಿಗೆ ಇದು ದೊಡ್ಡ ರಕ್ಷೆ. ಆದರೆ ವಿದ್ಯಾರ್ಥಿಯ ಪಾಲಿಗೆ ಅಡ್ಡಿಯಾಗುವುದು ಸಂಘದ ಗೊತ್ತುವಳಿಗಿಂತ ಹೆಚ್ಚಾಗಿ ಬಾಡಿಗೆ ಕರಾರಿನ ಒಂದು ಸಾಲು. ಪಿ.ಜಿ.ಗಳಲ್ಲಂತೂ ಒಂದೇ ಕೋಣೆಯಲ್ಲಿ ಮೂರು ಮಂಚ. ನಾಯಿಯ ಮಾತೇ ಇಲ್ಲ. ಕದ್ದುಮುಚ್ಚಿ ಸಾಕಿದ ಮರಿ ಒಂದು ರಾತ್ರಿ ಕೂಗಿದರೆ ಸಾಕು, ಮರುದಿನ ಮನೆಯೊಡೆಯರ ಮಾತು ಸಿದ್ಧ: 'ನಾಯಿ ಇರಬೇಕು, ಇಲ್ಲವೇ ನೀವು ಇರಬೇಕು, ಯೋಚಿಸಿ ಹೇಳಿ'. ಮುಂಗಡವಾಗಿ ಕೊಟ್ಟ ಹಣ ಅವರ ಕೈಯಲ್ಲಿರುವಾಗ ಯೋಚಿಸುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಮನೆಯೊಡೆಯರನ್ನು ಖಳನಾಯಕರೆಂದು ಚಿತ್ರಿಸುವುದೂ ನ್ಯಾಯವಲ್ಲ. ಗೋಡೆ, ಬಾಗಿಲು ಹಾಳಾದರೆ ಹೊಣೆ ಯಾರದು, ಪಕ್ಕದ ಮನೆಯ ಮಗುವನ್ನು ಕಚ್ಚಿದರೆ ಉತ್ತರ ಕೊಡುವವರು ಯಾರು ಎಂಬ ಅವರ ಪ್ರಶ್ನೆಗಳು ಸಹಜ. ಈ ಪ್ರಶ್ನೆಗಳಿಗೆ ಕರಾರಿನಲ್ಲೇ ಉತ್ತರ ಬರೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ನಿಷೇಧ ಅಥವಾ ಮುಚ್ಚುಮರೆ, ಇವೆರಡೇ ರೂಢಿಯಲ್ಲಿರುವುದು.

ಆರೈಕೆಗೂ ಒಂದು ಪಂಚಾಂಗ

ಮರಿಯನ್ನು ಎತ್ತಿಕೊಂಡು ಬರುವ ಕರುಣೆ ಹುಸಿಯಲ್ಲ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನಿಸಿದ 364 ಬೀದಿಮರಿಗಳ ಪೈಕಿ ಸಂತಾನೋತ್ಪತ್ತಿಯ ವಯಸ್ಸು ತಲುಪಿದ್ದು ಶೇ. 19 ಮಾತ್ರ. ಸಾವುಗಳಲ್ಲಿ ಬಹುಪಾಲಿಗೆ ಮನುಷ್ಯನೇ ಒಂದಲ್ಲ ಒಂದು ರೀತಿಯಲ್ಲಿ ಕಾರಣನಾಗಿದ್ದ. ಆದರೆ ಬದುಕಿಸಬೇಕೆಂಬ ಇಚ್ಛೆಯೊಂದೇ ಸಾಲದು.

ಮೊದಲ ಅಪಾಯ ಪಾರ್ವೊ ವೈರಸ್ಸಿನದು. ವಾಂತಿ, ರಕ್ತಭೇದಿಯಿಂದ ಎಳೆಯ ಮರಿ ಕೆಲವೇ ದಿನಗಳಲ್ಲಿ ಸಾಯಬಹುದು. ಇದಕ್ಕೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆ ಆರಂಭಿಸಿ, ಮೂರು-ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಮುಂದುವರಿಸಬೇಕು. ರೇಬೀಸ್ ಲಸಿಕೆಗೆ ಸಾಮಾನ್ಯವಾಗಿ ಮೂರು ತಿಂಗಳು ತುಂಬಬೇಕು. ಅಂದರೆ ಆರು ವಾರದ ಮರಿ ಮನೆಗೆ ಬಂದರೆ ಮುಂದಿನ ಹಲವು ವಾರ ಅದಕ್ಕೆ ರೇಬೀಸ್ ರಕ್ಷಣೆ ಇರುವುದಿಲ್ಲ. 'ಮರಿ ತಾನೆ, ಆಟಕ್ಕೆ ಕಚ್ಚಿತು' ಎಂಬ ಅಸಡ್ಡೆ ಇಲ್ಲಿ ಪ್ರಾಣಕ್ಕೇ ಎರವಾಗಬಹುದು. ಬೀದಿಯಿಂದ ತಂದ ಮರಿಯ ಹಲ್ಲು ತಾಗಿ ಚರ್ಮ ಗೀರಿದರೂ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಬಹುಮಟ್ಟಿಗೆ ಚಿಕಿತ್ಸೆಯೇ ಇಲ್ಲದ ರೋಗವಿದು. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲಗೊಳಿಸುವ ರಾಷ್ಟ್ರೀಯ ಕಾರ್ಯಯೋಜನೆಗೆ 2021ರ ಸೆಪ್ಟೆಂಬರ್ 28ರಂದು, ವಿಶ್ವ ರೇಬೀಸ್ ದಿನದಂದೇ, ಚಾಲನೆ ದೊರೆಯಿತು. ಆ ಗುರಿಯ ಹಾದಿ ಇಂಥ ಬಾಡಿಗೆ ಕೋಣೆಗಳ ಮೂಲಕವೂ ಹಾಯುತ್ತದೆ.

ಅಷ್ಟರಲ್ಲಿ ದೀಪಾವಳಿ. ಪಟಾಕಿಯನ್ನು ರಾತ್ರಿ 8ರಿಂದ 10ರವರೆಗೆ ಮಾತ್ರ ಸಿಡಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆಂಬುದು ನಗರವಾಸಿಗಳಿಗೆ ಗೊತ್ತಿರುವ ಸಂಗತಿ. ಹಬ್ಬಕ್ಕೆ ವಿದ್ಯಾರ್ಥಿಗಳು ಊರಿಗೆ ಹೊರಟರೆ ಮರಿಯನ್ನು ನೋಡುವವರಿಲ್ಲ. ಬೆದರಿದ ನಾಯಿ ತೆರೆದ ಬಾಗಿಲಿನಿಂದ ಓಡಿದರೆ ದಾರಿ ತಪ್ಪುತ್ತದೆ. ಕೊರಳಿಗೆ ಬಿಲ್ಲೆಯೂ ಇಲ್ಲದ ಅದು ಅಂದೇ ಬೀದಿನಾಯಿ.

ಎಲ್ಲಕ್ಕಿಂತ ಕಠಿಣ ಘಟ್ಟ ಬೇಸಿಗೆ. ಕಾರ್ತೀಕದಲ್ಲಿ ಕೋಣೆಗೆ ಬಂದ ಮರಿಗೆ ಮಾರ್ಚ್-ಏಪ್ರಿಲ್ ಹೊತ್ತಿಗೆ ಆರು ತಿಂಗಳು ದಾಟುತ್ತದೆ. ಹೆಣ್ಣು ನಾಯಿ ಸುಮಾರು ಈ ವಯಸ್ಸಿನಿಂದಲೇ ಬೆದೆಗೆ ಬರಲಾರಂಭಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕಾದ ಕಾಲವೂ ಇದೇ. ಆದರೆ ಪರೀಕ್ಷೆ, ಮನೆ ಖಾಲಿ ಮಾಡುವುದು, ಊರಿಗೆ ಹೊರಡುವುದು ಇವೆಲ್ಲ ಬರುವುದೂ ಇದೇ ಸುಮಾರಿನಲ್ಲಿ. ಮರಿಯ ಮುದ್ದು ಮಾಸಿರುತ್ತದೆ, ಹೊಟ್ಟೆ ದೊಡ್ಡದಾಗಿರುತ್ತದೆ, ಕೈಯಲ್ಲಿನ ಹಣ ಮುಗಿದಿರುತ್ತದೆ. ಚಿಕಿತ್ಸೆಯಾಗದ ನಾಯಿಯನ್ನು ಆಗ ಬೀದಿಗೆ ಬಿಟ್ಟರೆ, ಅರವತ್ತಮೂರು ದಿನಗಳ ಗರ್ಭಾವಧಿಯ ಈ ಪ್ರಾಣಿ ಮುಂದಿನ ಶರದೃತುವಿಗೆ ತಾನೇ ಮರಳಿನ ರಾಶಿಯ ಮರೆ ಹುಡುಕುತ್ತದೆ. ಒಂದು ಮರಿಯನ್ನು ಉಳಿಸಿದ ಕರುಣೆ ಆರು ಮರಿಗಳ ಸಂಕಟಕ್ಕೆ ದಾರಿಯಾಗುವುದು ಹೀಗೆ.

ಐವತ್ತು ರೂಪಾಯಿಯ ಅಪರಾಧ

ಸಾಕಿದ ಪ್ರಾಣಿಯನ್ನು ಹಸಿವು-ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ತ್ಯಜಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಬಾರಿಯ ತಪ್ಪಿಗೆ ಕಾಯ್ದೆ ಬರೆದಿಟ್ಟ ಗರಿಷ್ಠ ದಂಡ 50 ರೂಪಾಯಿ. ಬೆಂಗಳೂರಿನ ದರ್ಶಿನಿಯೊಂದರಲ್ಲಿ ಇಡ್ಲಿ-ವಡೆಗೂ ಅದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ದಂಡವನ್ನು ಹೆಚ್ಚಿಸುವ ಕರಡು ತಿದ್ದುಪಡಿಯನ್ನು ಕೇಂದ್ರ ಸರ್ಕಾರ ಸಾರ್ವಜನಿಕರ ಮುಂದಿಟ್ಟಿದ್ದು 2022ರ ನವೆಂಬರ್‌ನಲ್ಲಿ.

ನಗರಾಡಳಿತದ ನೋಟವೂ ಬೀದಿಯ ಮೇಲಷ್ಟೇ ನೆಟ್ಟಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಮೀಕ್ಷೆಗಳ ಪ್ರಕಾರ ಬೀದಿನಾಯಿಗಳ ಸಂಖ್ಯೆ 2019ರಲ್ಲಿ ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಇಳಿಕೆ ಸಮಾಧಾನಕರ. ಆದರೆ ಸಮೀಕ್ಷೆ ಎಣಿಸುವುದು ಬೀದಿಯಲ್ಲಿರುವ ನಾಯಿಗಳನ್ನು, ಅವು ಮನೆಯಿಂದ ಬೀದಿಗೆ ಬಂದ ದಾರಿಯನ್ನಲ್ಲ. 2018ರಲ್ಲಿ ಪಾಲಿಕೆ ಸಾಕುನಾಯಿ ಪರವಾನಗಿಯ ನಿಯಮ ತಂದಾಗ ಒಂದು ಫ್ಲಾಟಿಗೆ ಒಂದೇ ನಾಯಿ ಎಂಬ ಷರತ್ತು ಸೇರಿಸಿ ವಿವಾದಕ್ಕೆ ಸಿಲುಕಿತು. ಆ ಗದ್ದಲದಲ್ಲಿ, ಪ್ರತಿ ನಾಯಿಗೂ ಒಬ್ಬ ಹೊಣೆಗಾರ ಇರಬೇಕೆಂಬ ಮೂಲ ವಿಚಾರವೇ ಮರೆಗೆ ಸರಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳು ಬಂದವು. ನಾಯಿ ಒಂದು ಪಾಲಿಕೆಯ ಗಡಿ ದಾಟಿ ಇನ್ನೊಂದಕ್ಕೆ ಹೋಗುವಾಗ ಅರ್ಜಿ ಹಾಕುವುದಿಲ್ಲ. ಐದರ ನೋಂದಣಿ ಪುಸ್ತಕವೂ ಒಂದೇ ಆಗಿರಬೇಕಾದ ಅಗತ್ಯವಿದೆ.

ಹಾಗಾದರೆ ವಿದ್ಯಾರ್ಥಿಗಳು ಮರಿಯನ್ನು ಮುಟ್ಟಲೇಬಾರದೇ? ಹಾಗೆನ್ನುವುದು ಸುಲಭ, ಸರಿಯಲ್ಲ. ಸಾಕಲು ಸ್ಥಿರವಾದ ಮನೆ ಇಲ್ಲದವರು ತಾತ್ಕಾಲಿಕ ಪೋಷಕರಾಗಬಹುದು: ಲಸಿಕೆ ಮುಗಿಯುವವರೆಗೆ ನೋಡಿಕೊಂಡು, ಅಷ್ಟರಲ್ಲಿ ಶಾಶ್ವತ ಮನೆ ಹುಡುಕಿಕೊಡುವುದು. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಸಂಸ್ಥೆಗಳು ದತ್ತು ಕೊಡಿಸುವ ಕೆಲಸವನ್ನು ಮಾಡುತ್ತ ಬಂದಿವೆ. ತಾನೇ ಇಟ್ಟುಕೊಳ್ಳುವುದಾದರೆ ಊರಿನಲ್ಲಿರುವ ತಂದೆ-ತಾಯಿಯ ಒಪ್ಪಿಗೆಯನ್ನು ಮೊದಲ ವಾರದಲ್ಲೇ ಪಡೆಯಬೇಕು, ಕೊನೆಯ ವಾರದಲ್ಲಲ್ಲ. ಸಂತಾನಹರಣ ಚಿಕಿತ್ಸೆಯ ಖರ್ಚನ್ನು ಪರೀಕ್ಷಾ ಶುಲ್ಕದಂತೆಯೇ ಮೊದಲೇ ತೆಗೆದಿಡಬೇಕು. ಕಾಲೇಜುಗಳು ಆವರಣದಿಂದ ನಾಯಿಗಳನ್ನು ಸಾಗಹಾಕಿ ಕೈತೊಳೆದುಕೊಳ್ಳುವ ಬದಲು, ದತ್ತು ಅರ್ಜಿ ಹಾಕುವ ತಮ್ಮ ವಿದ್ಯಾರ್ಥಿ ಮತ್ತು ಪಾಲಿಕೆಯ ನಡುವೆ ನಿಲ್ಲಬಹುದು.

ಬೀದಿನಾಯಿಗಳ ಕುರಿತ ವಾದ-ವಿವಾದ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿದೆ. ಅಲ್ಲಿ ಚರ್ಚೆಯಾಗುವುದು ಬೀದಿಗೆ ಬಂದ ನಾಯಿಯನ್ನು ಏನು ಮಾಡಬೇಕೆಂಬುದು. ಬೀದಿಗೆ ಬಾರದಂತೆ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಇರುವುದು ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಯ ಪಕ್ಕದಲ್ಲಿ. ಮರಿಗೆ ಹೆಸರಿಡುವ ಸಂಜೆಯೇ ಬೇಸಿಗೆ ರಜೆಯಲ್ಲಿ ಅದು ಎಲ್ಲಿರುತ್ತದೆಂಬುದನ್ನೂ ತೀರ್ಮಾನಿಸಿದರೆ, ನ್ಯಾಯಾಲಯದ ಅರ್ಧ ಹೊರೆ ಅಲ್ಲಿಯೇ ಇಳಿದಂತೆ.