ತಾತ್ಕಾಲಿಕ ನಿಷೇಧಕ್ಕೆ ಗಡುವು ಬೇಡವೇ?

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿದೆ. ನಾನು ಚಿಕ್ಕವಳಿದ್ದಾಗ ಬೇಬಿ ಬೆಟ್ಟದ ಕಡೆಯಿಂದ ‘ಢಂ’ ಎಂದು ಸದ್ದು ಬಂದರೆ ಅಡುಗೆಮನೆಯ ತಟ್ಟೆ, ಲೋಟಗಳು ಅಲುಗುತ್ತಿದ್ದವು. ‘ಕಟ್ಟೆಗೇನಾರ ಆದ್ರೆ ನಮ್ಮ ಗತಿ ಏನವ್ವ’ ಎಂದು ಅಜ್ಜಿ ಹೆದರುತ್ತಿದ್ದರು. ಪಕ್ಕದ ಮನೆಯ ಮಾವನಿಗೆ ಮಾತ್ರ ಅದೇ ಸದ್ದು ದಿನಗೂಲಿ. ಈಗ ಸದ್ದು ನಿಂತಿದೆ. ಅಜ್ಜಿಗೆ ನೆಮ್ಮದಿ. ಮಾವ ಗಾರೆ ಕೆಲಸ ಹುಡುಕಿಕೊಂಡು ನಾಗಮಂಗಲದ ಕಡೆಗೆ ಹೋಗುತ್ತಾರೆ.

2018ರ ಸೆಪ್ಟೆಂಬರ್‌ನಲ್ಲಿ ಕೆಆರ್‌ಎಸ್ ಸುತ್ತಮುತ್ತ ಭಾರಿ ಸದ್ದು ಕೇಳಿಬಂದಾಗ, ಅದಕ್ಕೆ ಕಲ್ಲು ಕ್ವಾರಿಯ ಸ್ಫೋಟ ಕಾರಣ ಎಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ವರದಿ ನೀಡಿತ್ತು. ಅಲ್ಲಿಂದೀಚೆಗೆ ಜಿಲ್ಲಾಡಳಿತದ ನಿಷೇಧದ ಆದೇಶ, ಕೋರ್ಟ್ ಅಲೆದಾಟ, ಅಕ್ರಮ ಗಣಿಗಾರಿಕೆಯ ದೂರು ನಡೆದೇ ಇವೆ. ಕೊನೆಗೆ 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಶ್ರೀರಂಗಪಟ್ಟಣ, ಪಾಂಡವಪುರದ ಹಳ್ಳಿಗಳಲ್ಲದೆ ಕೆ.ಆರ್.ಪೇಟೆಯ ದಕ್ಷಿಣದ ಊರುಗಳೂ ಈ ವ್ಯಾಪ್ತಿಗೆ ಬರುತ್ತವೆ.

ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನಾನು ಈ ನಿಷೇಧದ ಪರ. 1911ರಲ್ಲಿ ಕೆಲಸ ಶುರುವಾದ ಈ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಲಾಗಿದೆ. ಅದರ ಹಿಂದೆ 49 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಇಂಥ ಕಡೆ ಅನುಮಾನದ ಲಾಭ ಕಟ್ಟೆಗೇ ಸಿಗಬೇಕು, ಕ್ವಾರಿಗಲ್ಲ.

ಆದರೆ ‘ಅಧ್ಯಯನ ಮುಗಿಯುವವರೆಗೆ’ ಎಂದರೆ ಎಂದಿನವರೆಗೆ? ಒಮ್ಮೆಗೆ ಸಿಡಿಸುವ ಮದ್ದು ಎಷ್ಟು, ದೂರ ಎಷ್ಟು, ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಕಂಪಿಸಿತು ಎಂಬುದನ್ನು ಉಪಕರಣವಿಟ್ಟು ಅಳೆಯಬಹುದು. 2022ರಲ್ಲೂ 2024ರಲ್ಲೂ ಪರೀಕ್ಷಾರ್ಥ ಸ್ಫೋಟಕ್ಕೆ ತಯಾರಿ ನಡೆದಾಗ ರೈತರು ವಿರೋಧಿಸಿದರು. ಪರೀಕ್ಷೆಯ ನೆಪದಲ್ಲಿ ಗಣಿಗಾರಿಕೆ ಮತ್ತೆ ಶುರುವಾಗುತ್ತದೆ ಎಂಬುದು ಅವರ ಭಯ. ಅದನ್ನು ಅಜ್ಞಾನ ಎಂದು ತಳ್ಳಿಹಾಕಲಾರೆ. ಅಳತೆ ಯಾರು ಮಾಡುತ್ತಾರೆ, ಫಲಿತಾಂಶ ಯಾರ ಕೈ ಸೇರುತ್ತದೆ ಎಂದು ಊರಿನವರಿಗೆ ಕೂರಿಸಿ ಹೇಳದಿದ್ದರೆ ಯಾರು ತಾನೇ ನಂಬುತ್ತಾರೆ?

ತಾತ್ಕಾಲಿಕ ನಿಷೇಧ ಎಂದರೆ ನಿರ್ಧಾರ ತೆಗೆದುಕೊಳ್ಳಲು ಪಡೆದ ಸಮಯ. ಆ ಸಮಯಕ್ಕೆ ಗಡುವಿಲ್ಲದಿದ್ದರೆ ನಿಷೇಧವೇ ಒಂದು ನೆಪವಾಗುತ್ತದೆ. ಕಟ್ಟೆ ಸುರಕ್ಷಿತವೆಂದು ರೈತರಿಗೆ ಖಾತ್ರಿಯಾಗುವುದಿಲ್ಲ, ಬೇರೆ ಕಸುಬು ಹಿಡಿಯಬೇಕೋ ಬೇಡವೋ ಎಂದು ಕೂಲಿಯವರಿಗೆ ತಿಳಿಯುವುದಿಲ್ಲ, ರಾತ್ರಿ ಕದ್ದು ಕಲ್ಲು ಸಾಗಿಸುವವರಿಗೆ ಮಾತ್ರ ಲಾಭ. ಆದ್ದರಿಂದ ಅಧ್ಯಯನಕ್ಕೆ ಕೊನೆಯ ದಿನಾಂಕ ಗೊತ್ತುಮಾಡಲಿ. ವರದಿಯನ್ನು ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಾಕಲಿ. ಅಲ್ಲಿಯವರೆಗೆ ಕೆಲಸ ಕಳೆದುಕೊಂಡವರ ಪಟ್ಟಿ ಮಾಡಿ, ಗ್ರಾಮೀಣ ಉದ್ಯೋಗ ಖಾತರಿಯಂಥ ಕೆಲಸಗಳಲ್ಲಿ ಅವರಿಗೆ ಮೊದಲ ಅವಕಾಶ ಕೊಡಲಿ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಮಾವ ಕೇಳಿದರು: ‘ನೀನು ಎಂಜಿನಿಯರ್ ಓದ್ತಾ ಇದ್ದೀಯಲ್ಲವ್ವ, ಕ್ವಾರಿ ಸುರುವಾಯ್ತದಾ, ಇಲ್ವಾ? ಇಲ್ಲ ಅಂತ್ಲಾದ್ರೂ ಹೇಳ್ಬುಡು, ಬೇರೆ ದಾರಿ ನೋಡ್ಕತೀನಿ.’ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ಇನ್ನಾದರೂ ಕೊಡಲಿ.