ನೆರೆಯವನಿಗೆ ಬಾಗಿಲು ಹಾಕಿ ಕಡಲಾಚೆಯ ಗಿರಾಕಿ

ಸುಗ್ಗಿಯಲ್ಲಿ ಕುಳಗೇರಿ ಕ್ರಾಸಿನ ಚಹದಂಗಡಿಯ ಮುಂದೆ ಅರ್ಧ ತಾಸು ನಿಂತರೆ, ಹತ್ತಿಯ ಅಂಡಿಗೆ ಹೊತ್ತ ಲಾರಿಗಳು ಹುಬ್ಬಳ್ಳಿಯ ದಾರಿ ಹಿಡಿಯುವುದು ಕಾಣುತ್ತದೆ. ಆ ಅಂಡಿಗೆಯ ಬೆಲೆ ಇಲ್ಲಿ ನಿಶ್ಚಯವಾಗುವುದಿಲ್ಲ; ಹುಬ್ಬಳ್ಳಿಯಲ್ಲಿಯೂ ಪೂರ್ತಿ ಆಗುವುದಿಲ್ಲ. ಆದ್ದರಿಂದ, ರಾಷ್ಟ್ರ ರಾಷ್ಟ್ರಗಳ ಒಪ್ಪಂದವೆಂದರೆ ದಿಲ್ಲಿಯ ದೊಡ್ಡವರ ಮಾತು, ನಮಗೇಕೆ ಎನ್ನುವ ಗಿರಣಿ ಕಾರ್ಮಿಕ ಬಂಧುಗಳಿಗೂ ಅಂಗಡಿಕಾರರಿಗೂ ನಾವು ನಾಲ್ಕು ಮಾತು ಹೇಳಬೇಕಾಗಿದೆ.

ಈ ಸೀಮೆಗೆ ಪರದೇಶದ ನಂಟು ಹೊಸತಲ್ಲ. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಲ್ಯಾಂಕಶಾಯರದ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದಿತು, ರೈತನ ತಲೆಯ ಮೇಲೆ ಸಾವಕಾರನ ಸಾಲ ಉಳಿಯಿತು. ಅದು ಸಹಕಾರವಲ್ಲ, ಒಡೆಯನ ಗರಜು.

ಸಮಾನರ ಸಹಕಾರ ಹೇಗಿರಬಹುದೆಂಬುದಕ್ಕೂ ದಾಖಲೆಯಿದೆ. 1953ರ ಡಿಸೆಂಬರದಲ್ಲಿ ಸೋವಿಯತ್ ಒಕ್ಕೂಟದೊಡನೆ ಆದ ಒಪ್ಪಂದವು ಡಾಲರಿನ ಹಂಗಿಲ್ಲದೆ ರೂಪಾಯಿಯಲ್ಲಿ ಲೆಕ್ಕ ತೀರಿಸುವ ದಾರಿ ತೆರೆಯಿತು. 1955ರಲ್ಲಿ ಭಿಲಾಯಿ ಕಾರಖಾನೆಗೆ ಅವರು ಕೊಟ್ಟ ಸಾಲಕ್ಕೆ ಬಡ್ಡಿ ವರ್ಷಕ್ಕೆ ನೂರಕ್ಕೆ 2.5, ತೀರಿಸಲು 12 ವರ್ಷದ ಕಂತು. ಇಲ್ಲಿಯ ಕೈಗಡದ ಬಡ್ಡಿ ಬಲ್ಲ ವಾಚಕರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿಯೂ ಕುಂದಿತ್ತು. ಆ ಒಬ್ಬ ದೊಡ್ಡ ಗಿರಾಕಿಯನ್ನು ನೆಚ್ಚಿದ್ದ ನಮ್ಮ ಕಾಫಿ, 1991ರಲ್ಲಿ ಒಕ್ಕೂಟ ಒಡೆದಾಗ ದಿಕ್ಕುಗೆಟ್ಟಿತು. (ಇದನ್ನು ನಮ್ಮವರು ಸಭೆಗಳಲ್ಲಿ ಹೇಳುವುದು ಕಡಿಮೆ.)

ಒಬ್ಬನನ್ನೇ ನೆಚ್ಚುವ ತಪ್ಪು ಮತ್ತೆ ನಡೆಯಿತು. 2025ರ ಆಗಸ್ಟ 27ರಿಂದ ಅಮೇರಿಕ ನಮ್ಮ ಬಟ್ಟೆಯೂ ಸೇರಿ ಅನೇಕ ಸರಕುಗಳ ಮೇಲೆ 50 ಪ್ರತಿಶತ ಸುಂಕ ಹೇರಿತು. ಅದೇ ತಿಂಗಳು ದಿಲ್ಲಿ ಸರಕಾರ ಪರದೇಶಿ ಹತ್ತಿಯ ಮೇಲಿನ 11 ಪ್ರತಿಶತ ಸುಂಕವನ್ನು ತೆಗೆದು, ಆ ರಿಯಾಯಿತಿಯನ್ನು ವರ್ಷದ ಕೊನೆಯವರೆಗೆ ಬೆಳೆಸಿತು. ಗಿರಣಿಗೆ ಅಗ್ಗದ ಹತ್ತಿ ಬೇಕು, ನಿಜ. ಗಿರಣಿ ನಿಂತರೆ ಕಾರ್ಮಿಕನ ಒಲೆ ಆರುತ್ತದೆ. ಆದರೆ ನಮ್ಮ ರೈತ ಹತ್ತಿ ಬಿಡಿಸುವ ತಿಂಗಳುಗಳೂ ಅವೇ. ರೈತನ ಕೈ ಬರಿದಾದರೆ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಕೊಳ್ಳುವವರಾರು? ಕಾರ್ಮಿಕನನ್ನೂ ರೈತನನ್ನೂ ಎದುರುಬದುರು ನಿಲ್ಲಿಸುವ ನೀತಿಯನ್ನು ನಾವು ಒಪ್ಪಲಾರೆವು.

ಇತ್ತ ಮಗ್ಗುಲಲ್ಲಿಯೇ ಗಿರಾಕಿ ಇದ್ದಾನೆ. ಬಾಂಗ್ಲಾದೇಶದಲ್ಲಿ ಹತ್ತಿಯ ಬೆಳೆ ಅತ್ಯಲ್ಪ, ಬಟ್ಟೆ ಹೊಲಿಯುವ ಕೈಗಳು ಲಕ್ಷಗಟ್ಟಲೆ. ನಮ್ಮ ಹತ್ತಿ, ನೂಲು ಅಲ್ಲಿಗೆ ಲಾರಿಯಲ್ಲಿ ಹೋಗಬಹುದು. 2023ರ ಜುಲೈಯಲ್ಲಿ ಆ ವ್ಯಾಪಾರದ ಲೆಕ್ಕ ರೂಪಾಯಿಯಲ್ಲಿಯೂ ಆರಂಭವಾಗಿತ್ತು. ಆದರೆ 2025ರ ಏಪ್ರಿಲದಲ್ಲಿ ಅವರು ಭೂಮಾರ್ಗದ ನಾಕೆಗಳಲ್ಲಿ ನಮ್ಮ ನೂಲನ್ನು ತಡೆದರು. ಮೇ ತಿಂಗಳಲ್ಲಿ ನಾವು ಅವರ ಸಿದ್ಧ ಉಡುಪನ್ನು ತಡೆದೆವು. ಇಬ್ಬರು ನೆರೆಯವರು ಹಟಕ್ಕೆ ಬಿದ್ದರು, ನೂಲುವವನೂ ಹೊಲಿಯುವವಳೂ ತೆತ್ತರು. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್ ಕೂಟದ ಮುಖಂಡರು ಕೊನೆಯ ಶೃಂಗಸಭೆಗೆ ಕೂಡಿದ್ದು 2014ರಲ್ಲಿ, ಕಾಠಮಾಂಡುವಿನಲ್ಲಿ.

ನೆರೆಯವರೊಡನೆ ವೈರವಿರುವಾಗ ವ್ಯಾಪಾರವೆಂತು ಎಂದು ಕೇಳುವವರಿದ್ದಾರೆ. ಫ್ರಾನ್ಸ್ ಮತ್ತು ಜರ್ಮನಿ 70 ವರ್ಷಗಳಲ್ಲಿ ಮೂರು ಸಲ ಕಾದಾಡಿದವು. ಎರಡನೆಯ ಮಹಾಯುದ್ಧ ಮುಗಿದು ಆರು ವರ್ಷಕ್ಕೆ, 1951ರಲ್ಲಿ, ಇನ್ನೂ ನಾಲ್ಕು ದೇಶಗಳನ್ನು ಕೂಡಿಸಿಕೊಂಡು ಕಲ್ಲಿದ್ದಲು-ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ಪ್ರೀತಿ ಉಕ್ಕಿ ಬಂದು ಮಾಡಿದ ಕೆಲಸವಲ್ಲ ಅದು. ಮತ್ತೆ ಕಾದಾಡುವುದು ಕಠಿಣವಾಗಲೆಂದು ಮಾಡಿದರು.

ಭೂನಾಕೆಗಳನ್ನು ಎರಡೂ ಕಡೆ ತೆರೆಯಬೇಕು, ಲೆಕ್ಕ ರೂಪಾಯಿ ಮತ್ತು ಟಾಕಾಗಳಲ್ಲಿ ನಡೆಯಬೇಕು. ಒಪ್ಪಂದದ ಮೇಜಿನಲ್ಲಿ ಗಿರಣಿ ಮಾಲಕರ ಮಗ್ಗುಲಿಗೆ ಕಾರ್ಮಿಕ ಸಂಘದವರೂ ಹತ್ತಿ ಬೆಳೆಗಾರರೂ ಸಣ್ಣ ವ್ಯಾಪಾರಿಗಳೂ ಕೂಡಬೇಕು. ಈ ಬೇಡಿಕೆಗಳನ್ನು ನಮ್ಮ ಭಾಗದ ಸಂಘಗಳು ಠರಾವು ಮಾಡಿ ತಮ್ಮ ಸಂಸದರ ಕೈಗೆ ಕೊಡಲಿ.