ಕಾರಿನ ಗಾಜಿಗೆ ಕಪ್ಪು ಬೇಕೋ, ತಂಪು ಬೇಕೋ?

ಶೇಡ್ ನೆಟ್ ಕೊಳ್ಳುವಾಗ ನಾವು ಎಷ್ಟೆಲ್ಲ ವಿಚಾರಿಸುತ್ತೇವೆ! 50 ಪರ್ಸೆಂಟಿನದ್ದೋ 75ರದ್ದೋ, ಬಿಸಿಲಿಗೆ ಎಷ್ಟು ವರ್ಷ ತಡೆಯುತ್ತದೆ, ಎಲ್ಲ ಕೇಳುತ್ತೇವೆ. ಅಡಿಕೆ ಒಣಗಿಸುವ ಶೀಟಾದರೆ 200 ಮೈಕ್ರಾನ್ ನಿಜವಾಗಿ ಇದೆಯಾ ಅಂತ ಬೆರಳಲ್ಲಿ ತಿಕ್ಕಿ ನೋಡುತ್ತೇವೆ. ಅದೇ ನಾವು ಕಾರಿನ ಗಾಜಿಗೆ ಫಿಲ್ಮ್ ಅಂಟಿಸಲು ಪೇಟೆಗೆ ಹೋದರೆ ಕೇಳುವುದು ಒಂದೇ ಮಾತು: "ಇದಕ್ಕಿಂತ ಕಪ್ಪಿನದ್ದು ಇಲ್ವಾ?"

ಕಪ್ಪಾದದ್ದೆಲ್ಲ ತಂಪು ಎಂಬ ಈ ನಂಬಿಕೆಯಿಂದಲೇ ನಮ್ಮ ದುಡ್ಡು ಹೋಗುವುದು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಅಗ್ಗದ ಬಣ್ಣದ ಫಿಲ್ಮ್ ಕಾಣುವ ಬೆಳಕನ್ನು ನುಂಗುತ್ತದೆ, ಕಾಣದ ಈ ಕಿರಣವನ್ನು ಬಹುಪಾಲು ಒಳಗೆ ಬಿಡುತ್ತದೆ. ನುಂಗಿದ ಬೆಳಕೂ ಎಲ್ಲಿಗೂ ಹೋಗುವುದಿಲ್ಲ; ಗಾಜು ಕಾದು ಅದರಲ್ಲಿ ಒಂದು ಪಾಲು ಒಳಗೇ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಅಂಥ ಗಾಜಿನ ಒಳಬದಿಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ಕೆಲವು ವರ್ಷದಲ್ಲಿ ಆ ಬಣ್ಣವೂ ನೇರಳೆಗೆ ತಿರುಗಿ ಗುಳ್ಳೆ ಏಳುತ್ತದೆ.

ಶಾಖ ತಡೆಯುವ ಫಿಲ್ಮ್ ಬೇರೆಯೇ ಇದೆ. ಲೋಹದ ತೆಳು ಲೇಪ ಇರುವಂಥದ್ದು ಶಾಖವನ್ನು ವಾಪಸು ಕಳಿಸುತ್ತದೆ, ಆದರೆ ಮೊಬೈಲ್ ಸಿಗ್ನಲಿಗೆ ಅಡ್ಡಿ ಮಾಡಬಹುದು. ಮೊದಲೇ ನಮ್ಮ ತೋಟದ ಬದಿಯಲ್ಲಿ ಸಿಗ್ನಲ್ ಒಂದು ಕಡ್ಡಿ! ಸೆರಾಮಿಕ್ ಎನ್ನುವುದಕ್ಕೆ ಆ ತೊಂದರೆ ಇಲ್ಲ. ಹೆಚ್ಚುಕಡಿಮೆ ತಿಳಿಯಾಗಿಯೇ ಇದ್ದು ಇನ್‌ಫ್ರಾರೆಡ್ ತಡೆಯುತ್ತದೆ, ರೇಟು ಮಾತ್ರ ಜಾಸ್ತಿ.

ಅಂಗಡಿಯಲ್ಲಿ ಒಂದು ಆಟ ತೋರಿಸುತ್ತಾರೆ. ಕೆಂಪು ಬಲ್ಬು ಉರಿಸಿ, ನಡುವೆ ಫಿಲ್ಮ್ ಹಿಡಿದು, "ಕೈ ಇಡಿ ಸಾರ್, ಬಿಸಿಯೇ ಇಲ್ಲ" ಎನ್ನುತ್ತಾರೆ. ಬಲ್ಬಿನಿಂದ ಬರುವುದು ಬಹುಪಾಲು ಇನ್‌ಫ್ರಾರೆಡ್. ಬಿಸಿಲು ಹಾಗಲ್ಲವಲ್ಲ, ಅದರಲ್ಲಿ ಕಾಣುವ ಬೆಳಕಿನ ಬಿಸಿಯೂ ಇದೆ. ಹಾಗಾಗಿ ಅಲ್ಲಿ ಕೇಳಬೇಕಾದದ್ದು 'ಟಿ.ಎಸ್.ಇ.ಆರ್.' ಎಷ್ಟು ಅಂತ. ಬಿಸಿಲಿನ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಎಷ್ಟನ್ನು ಹೊರಗೇ ತಡೆಯುತ್ತದೆ ಎಂಬ ಲೆಕ್ಕ ಅದು. ಇದನ್ನು ಹೇಳಲಾರದ ಅಂಗಡಿಯಿಂದ ಎದ್ದು ಬರುವುದೇ ಒಳ್ಳೆಯದು.

ಇನ್ನೊಂದು ಅಂಕೆ ವಿ.ಎಲ್.ಟಿ., ಅಂದರೆ ಗಾಜು ದಾಟಿ ಬರುವ ಬೆಳಕು. ನಮಗೆ ಗೊಂದಲ ಆಗುವುದು ಇಲ್ಲೇ. ನೆಟ್ಟಿನಲ್ಲಿ ಅಂಕೆ ಹೆಚ್ಚಿದಷ್ಟು ನೆರಳು, ಫಿಲ್ಮಿನಲ್ಲಿ ಅಂಕೆ ಹೆಚ್ಚಿದಷ್ಟು ಬೆಳಕು. 1989ರ ಕೇಂದ್ರ ಮೋಟಾರು ವಾಹನ ನಿಯಮದಂತೆ ಮುಂದಿನ ಹಿಂದಿನ ಗಾಜಿನಲ್ಲಿ ಕನಿಷ್ಠ 70, ಪಕ್ಕದ ಗಾಜಿನಲ್ಲಿ ಕನಿಷ್ಠ 50 ಪರ್ಸೆಂಟ್ ಬೆಳಕು ದಾಟಬೇಕು. "50ರ ಫಿಲ್ಮ್, ಕಾನೂನಿನೊಳಗೇ ಇದೆ" ಅಂತ ಕೊಟ್ಟರೆ ನಂಬಬೇಡಿ. ಕಂಪೆನಿಯ ಗಾಜೇ 75 ಬಿಡುವಂಥದ್ದಾದರೆ, ಅದರ ಮೇಲೆ 50ರ ಫಿಲ್ಮ್ ಕೂತಾಗ ಒಟ್ಟು ದಾಟುವುದು 37 ಚಿಲ್ಲರೆ. ಎರಡನ್ನೂ ಗುಣಿಸಬೇಕು.

ಕಾನೂನಿನ ಕಥೆ ಉದ್ದ ಉಂಟು. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಕಪ್ಪಾಗಲಿ ತಿಳಿಯಾಗಲಿ, ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆಮೇಲೆ ನಿಯಮ ತಿದ್ದುಪಡಿಯಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, 70–50ರ ಮಿತಿಯೊಳಗಿನ ಫಿಲ್ಮಿಗೆ ಹೊಸ ನಿಯಮದಲ್ಲಿ ಅವಕಾಶ ಇದೆ ಎಂದಿತು. ಹಾಗಂತ ಆ ತೀರ್ಪು ಹೇಳಿ ನಮ್ಮ ರಸ್ತೆಯಲ್ಲಿ ದಂಡ ತಪ್ಪಿಸಿಕೊಳ್ಳಬಹುದು ಅಂತ ಯಾರೂ ಧೈರ್ಯ ಮಾಡಬೇಡಿ. ಕಪ್ಪಂತೂ ಯಾವ ಲೆಕ್ಕದಲ್ಲೂ ಕೂರುವುದಿಲ್ಲ.

ದಂಡ ಇರಲಿ, ನನಗೆ ಹೆದರಿಕೆ ಬೇರೆಯದೇ. ನಮ್ಮ ಹಳ್ಳಿರಸ್ತೆಗೆ ದೀಪ ಇಲ್ಲ. ನಸುಕಿಗೆ ಹಾಲಿನ ಕ್ಯಾನ್ ಹಿಡಿದು ನಡೆಯುವವರು, ಆಟಿಯ ಮಳೆಯಲ್ಲಿ ಕಪ್ಪು ಕೊಡೆ ಹಿಡಿದ ಶಾಲೆಮಕ್ಕಳು, ರಸ್ತೆಯಲ್ಲೇ ಮಲಗಿದ ದನ, ಇವರೆಲ್ಲ ಆ ಗಾಜಿನೊಳಗಿಂದ ಕಾಣಬೇಕು. ನಮ್ಮ ನೆರೆಮನೆಯವರು ರಾತ್ರಿ ಜೀಪು ಹಿಂದಕ್ಕೆ ತೆಗೆಯುವಾಗ ಗಾಜು ಇಳಿಸಿ ತಲೆ ಹೊರಗೆ ಹಾಕುತ್ತಾರೆ. ಮಳೆಗಾಲದಲ್ಲಿ ತಲೆ ಪೂರಾ ಚಂಡಿ. ಎಂಥಾ ತಂಪು ಮಾರಾಯ್ರೆ!

ನಿಲ್ಲಿಸಿದ ಕಾರಿನ ಸೆಕೆಗೆ ಎಷ್ಟು ದುಬಾರಿ ಫಿಲ್ಮ್ ಹಾಕಿದರೂ ಪೂರ್ತಿ ಮದ್ದಿಲ್ಲ. ಅದು ನಮ್ಮ ಅಡಿಕೆಯ ಪ್ಲಾಸ್ಟಿಕ್ ಗೂಡಿನ ಹಾಗೆಯೇ, ಹೊಕ್ಕ ಬಿಸಿಲು ಶಾಖವಾಗಿ ಅಲ್ಲೇ ಉಳಿಯುತ್ತದೆ. ಏರುವಷ್ಟು ಸೆಕೆಯಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಫಿಲ್ಮ್ ಇದೆಯಲ್ಲ ಅಂತ ಮಗುವನ್ನೋ ಅಜ್ಜಿಯನ್ನೋ ಒಳಗೆ ಕೂರಿಸಿ ಸೊಸೈಟಿಗೆ ಹೋಗುವುದು ಖಂಡಿತ ಬೇಡ.

ನನ್ನನ್ನು ಕೇಳಿದರೆ, ಹಳೆ ಓಮ್ನಿ, ಆಲ್ಟೊ ಇರುವವರಿಗೆ ಫಿಲ್ಮಿನ ಖರ್ಚೇ ಬೇಡ. ಕಾರಿಗೊಂದು ಸೋಗೆಯ ಚಪ್ಪರ ಹಾಕಿ. ಪೇಟೆಯಲ್ಲಿ ನಿಲ್ಲಿಸುವಾಗ ಎದುರು ಗಾಜಿನ ಒಳಗೆ ಬೆಳ್ಳಿ ಬಣ್ಣದ ಮಡಚುವ ಪರದೆ ಇಡಿ, ಹೊರಡುವ ಮೊದಲು ಎರಡು ನಿಮಿಷ ಬಾಗಿಲು ತೆರೆದಿಡಿ. ಡಯಾಲಿಸಿಸಿಗೋ ಮತ್ತೊಂದಕ್ಕೋ ಮನೆಯವರನ್ನು ಕೂರಿಸಿಕೊಂಡು ವಾರವಾರ ದೂರ ಹೋಗುವವರಿಗೆ, ಹಗಲಿಡೀ ಬಾಡಿಗೆ ಓಡಿಸುವವರಿಗೆ ಮಾತ್ರ ತಿಳಿ ಸೆರಾಮಿಕ್ ಹಾಕಿಸಿದರೆ ಪ್ರಯೋಜನ ಉಂಟು. ಅದೂ ಗಾಜು, ಫಿಲ್ಮ್ ಸೇರಿ ಎಷ್ಟು ಬೆಳಕು ದಾಟುತ್ತದೆ ಅಂತ ಮೀಟರಿನಲ್ಲಿ ಅಳೆದು ಬಿಲ್ಲಿನಲ್ಲೇ ಬರೆದುಕೊಟ್ಟರೆ. ಹಾಕಿಸುವುದು ಚಳಿಗಾಲ ಕಳೆಯುವ ಹೊತ್ತಿಗೆ ಇರಲಿ. ಮಳೆಗಾಲದ ತೇವದಲ್ಲಿ ಅಂಟು ಬೇಗ ಒಣಗುವುದಿಲ್ಲ. ಹಿಂದಿನ ಗಾಜಿನಲ್ಲಿ ಮಂಜು ತೆಗೆಯುವ ತಂತಿಗೆರೆ ಇದ್ದರೆ ಆ ಗಾಜನ್ನು ಬಿಟ್ಟುಬಿಡಿ. ಹಳೆ ಫಿಲ್ಮ್ ಕೀಳುವಾಗ ಗೆರೆಯೂ ಕಿತ್ತು ಬರಬಹುದು.